ಕೈಲಿ ಹಿಡಿಯುವ ಗೇಮ್ ಕನ್ಸೋಲ್‌ಗೆ 800×480 ಸ್ಕ್ರೀನೇ ಯಾಕೆ: ಚಿಕ್ಕಮಗಳೂರಿನಿಂದ ಒಂದು ಬಿಲ್ಡ್ ಲಾಗ್

ಹಳೇ ವಿಡಿಯೋ ಗೇಮ್ ಆಡುವ ಕನ್ಸೋಲ್ ಕಟ್ಟುವವರು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನಾನು ಸ್ಕ್ರೀನ್‌ನಿಂದ ಶುರು ಮಾಡಿದೆ. ಬಾಡಿ ಎಷ್ಟು ದೊಡ್ಡದು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬಟನ್‌ಗಳಿಗೆ ಎಷ್ಟು ಪಿನ್ ಉಳಿಯುತ್ತವೆ, ಸೌಂಡ್ ಎಲ್ಲಿಂದ ತೆಗೆಯಬೇಕು ಎಲ್ಲವೂ ಸ್ಕ್ರೀನ್ ಮೇಲೆ ನಿಂತಿರುತ್ತವೆ. ಸ್ಕ್ರೀನ್ ಬದಲಾದರೆ ಮಿಕ್ಕಿದ್ದೆಲ್ಲ ಬದಲಾಗುತ್ತದೆ.

ಕನ್ಸೋಲ್ ಮಾಡುತ್ತಿರುವುದು ಅಕ್ಕನ ಮಕ್ಕಳಿಬ್ಬರಿಗೆ. ಅವರ ಮನೆ ಮಲ್ಲಂದೂರು ಕಡೆ, ತೋಟದ ಮಧ್ಯೆ. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ, ಹಾಗಾಗಿ ಬ್ಯಾಟರಿಯಲ್ಲೇ ನಡೆಯಬೇಕು. ಡಿಸೆಂಬರ್, ಜನವರಿಯಲ್ಲಿ ಕಣದಲ್ಲಿ ಕಾಫಿ ಒಣಗಲು ಹಾಕಿರುವಾಗ ಮಕ್ಕಳು ಇಡೀ ದಿನ ಜಗುಲಿಯಲ್ಲೇ ಇರುತ್ತಾರೆ. ಆ ಬೆಳಕಿನಲ್ಲೂ ಚಿತ್ರ ಕಾಣಬೇಕು. ಒಬ್ಬ ಆಡುವಾಗ ಇನ್ನೊಬ್ಬಳು ಪಕ್ಕದಿಂದ ಇಣುಕುತ್ತಾಳೆ, ಅವಳಿಗೂ ಬಣ್ಣ ಕೆಡದೆ ಕಾಣಬೇಕು. ಸ್ಕ್ರೀನ್ ಆರಿಸುವಾಗ ಈ ಮೂರನ್ನೂ ಬರೆದಿಟ್ಟುಕೊಂಡೆ.

ಬೋರ್ಡ್ ರಾಸ್‌ಬೆರಿ ಪೈ ಝೀರೋ 2 ಡಬ್ಲ್ಯೂ, ಅಂಗೈಗಿಂತ ಚಿಕ್ಕ ಕಂಪ್ಯೂಟರ್. 2021ರಲ್ಲಿ ಬಂದದ್ದು, ನಾಲ್ಕು ಕೋರ್, 1 ಗಿಗಾಹರ್ಟ್ಸ್, 512 ಎಂಬಿ ರ‍್ಯಾಮ್. ಗೇಮ್‌ಬಾಯ್‌ನಿಂದ ಹಿಡಿದು ಮೊದಲನೇ ಪ್ಲೇಸ್ಟೇಷನ್‌ವರೆಗೆ ಇದು ಚೆನ್ನಾಗಿ ನಡೆಸುತ್ತದೆ. ಅದಕ್ಕಿಂತ ಮುಂದಿನದ್ದು ನನಗೆ ಬೇಕಿಲ್ಲ. ಆಟಗಳು ನನ್ನ ಹತ್ತಿರ ಇರುವ ಕಾರ್ಟ್ರಿಜ್, ಸಿಡಿಗಳಿಂದ ತೆಗೆದವು, ಜೊತೆಗೆ ಆಸಕ್ತರು ಮಾಡಿ ಉಚಿತವಾಗಿ ಹಂಚುವ ಹೋಮ್‌ಬ್ರೂ ಗೇಮ್‌ಗಳು.

ಈಗ ಲೆಕ್ಕಕ್ಕೆ ಬರೋಣ. ಪ್ರತಿ ಹಳೇ ಕನ್ಸೋಲ್‌ಗೂ ತನ್ನದೇ ಪಿಕ್ಸೆಲ್ ಅಳತೆ ಇದೆ, ಅಗಲಕ್ಕೆ ಎಷ್ಟು ಚುಕ್ಕಿ, ಎತ್ತರಕ್ಕೆ ಎಷ್ಟು ಅಂತ. 1989ರ ಗೇಮ್‌ಬಾಯ್ 160×144. 2001ರ ಗೇಮ್‌ಬಾಯ್ ಅಡ್ವಾನ್ಸ್ 240×160. ಸೂಪರ್ ನಿಂಟೆಂಡೊ ಸಾಮಾನ್ಯವಾಗಿ 256×224. ಸೆಗಾ ಮೆಗಾ ಡ್ರೈವ್ 320×224. ಪ್ಲೇಸ್ಟೇಷನ್ ಆಟಗಳಲ್ಲಿ ಹಲವು ಅಳತೆ ಇವೆ, ಜಾಸ್ತಿ ಕಾಣುವುದು 320×240. ಈಗ ಸಿಗುವ ಯಾವ ಸ್ಕ್ರೀನ್ ಹಾಕಿದರೂ ಈ ಚಿತ್ರಗಳನ್ನು ಹಿಗ್ಗಿಸಲೇಬೇಕು. ಎರಡು ಪಟ್ಟು, ಮೂರು ಪಟ್ಟು ಅಂತ ಪೂರ್ಣ ಸಂಖ್ಯೆಯಲ್ಲಿ ಹಿಗ್ಗಿದರೆ ಚಿತ್ರ ಕಲಾವಿದ ಬರೆದ ಹಾಗೇ ಉಳಿಯುತ್ತದೆ. ಎರಡೂಕಾಲು, ಮೂರೂವರೆ ಅಂತ ಹಿಗ್ಗಿದರೆ ಕೆಡುತ್ತದೆ. ನನ್ನ ಇಡೀ ಆಯ್ಕೆ ನಿಂತಿರುವುದು ಇದರ ಮೇಲೆ.

ಕೆಡುತ್ತದೆ ಅಂದರೆ ಹೇಗೆ ಅಂತ ಕಣ್ಣಾರೆ ನೋಡಬೇಕಿತ್ತು. ಪೇಟೆಯ ಮಾರ್ಕೆಟ್ ರೋಡಿನಲ್ಲಿ ಟಿವಿ ರಿಪೇರಿ ಮಾಡುವ ಅಣ್ಣ ಒಬ್ಬರಿದ್ದಾರೆ. ಅವರ ಹತ್ತಿರ 5 ಇಂಚಿನ ಹಳೇ ಎಚ್‌ಡಿಎಂಐ ಸ್ಕ್ರೀನ್ ಇತ್ತು, 800×480ರದ್ದು. ಪೈಯನ್ನು ಅದಕ್ಕೆ ಸಿಕ್ಕಿಸಿ ಗೇಮ್‌ಬಾಯ್ ಅಡ್ವಾನ್ಸ್ ಆಟ ಹಾಕಿದೆ. ಅವರು ನೋಡಿ, "ಏನೋ ಇದು, ಇಷ್ಟೆಲ್ಲ ಕಷ್ಟಪಟ್ಟು ಇಷ್ಟು ಕಮ್ಮಿ ರೆಸಲ್ಯೂಷನ್ನಾ? ಫುಲ್ ಎಚ್‌ಡಿ ಹಾಕು ಮಾರಾಯ, ಈಗ ಎಲ್ಲಾ ಸಿಗುತ್ತಲ್ಲ" ಅಂದರು.

"ಅಣ್ಣಾ, ಪ್ಲೇಸ್ಟೇಷನ್ ಚಿತ್ರ 240 ಸಾಲು. 1080 ಸಾಲಿಗೆ ಎಳೆದರೆ ನಾಲ್ಕೂವರೆ ಪಟ್ಟು ಬರುತ್ತೆ. ಆ ಅರ್ಧ ಪಿಕ್ಸೆಲ್ ಎಲ್ಲಿ ಇಡೋದು?"

ಅವರು ಮಾತಾಡಲಿಲ್ಲ. ಬೋರ್ಡ್ ನೋಡುವ ಭೂತಗನ್ನಡಿ ತಂದು ಸ್ಕ್ರೀನ್ ಮೇಲಿಟ್ಟರು. ನಾನು ಚಿತ್ರದ ಅಳತೆಯನ್ನು 640×427ಕ್ಕೆ ಇಳಿಸಿದೆ. 640×480ರ ಸ್ಕ್ರೀನ್ ಕೊಂಡರೆ ಈ ಆಟ ತುಂಬುವ ಜಾಗ ಅಷ್ಟೇ. ಅಂದರೆ 240 ಪಿಕ್ಸೆಲ್ 640 ಆಗುತ್ತಿದೆ, ಎರಡೂ ಮುಕ್ಕಾಲಿಗಿಂತ ಒಂಚೂರು ಕಮ್ಮಿ. ಗಾಜಿನ ಕೆಳಗೆ ಆಟದ ಅಕ್ಷರಗಳು ಕಂಡವು. ಆ ಕಾಲದ ಅಕ್ಷರ ಬಹಳ ಸಲ ಎಂಟು ಪಿಕ್ಸೆಲ್ ಅಗಲ, ಎಂಟು ಎತ್ತರದ ಚೌಕದಲ್ಲಿ ಕೂರುತ್ತದೆ. ಇಂಗ್ಲಿಷಿನ ಸಣ್ಣ ಎಂ (m) ಅಕ್ಷರದ ಮೂರು ಕಾಲುಗಳೂ ಒಂದೇ ದಪ್ಪ ಇರಬೇಕು. ಇಲ್ಲಿ ಒಂದು ಕಾಲು ಮೂರು ಚುಕ್ಕಿ ದಪ್ಪ, ಇನ್ನೊಂದು ಎರಡೇ ಚುಕ್ಕಿ. ಪಕ್ಕದ ಅಕ್ಷರದಲ್ಲಿ ತೆಳ್ಳಗಿನ ಕಾಲು ಬೇರೆ ಕಡೆ. 3, 3, 2, ಮತ್ತೆ 3, 3, 2 ಅಂತ ಇಡೀ ಸ್ಕ್ರೀನ್ ಉದ್ದಕ್ಕೂ ಹೀಗೇ. ಪಾತ್ರ ನಡೆದು ಹಿನ್ನೆಲೆ ಸರಿಯತೊಡಗಿದಾಗ ಇನ್ನೂ ಕೆಟ್ಟದಾಗಿ ಕಂಡಿತು. ತೆಳ್ಳಗಿನ ಗೆರೆಗಳು ಇದ್ದಲ್ಲೇ ನಿಲ್ಲುತ್ತವೆ, ಚಿತ್ರ ಅವುಗಳ ಮೇಲೆ ಹಾಯುತ್ತದೆ. ಹಾಗಾಗಿ ಗೋಡೆಯ ಇಟ್ಟಿಗೆ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತಾ ಹೋಗುತ್ತದೆ. ಭೂತಗನ್ನಡಿ ತೆಗೆದು ಒಂದಡಿ ದೂರದಿಂದ ನೋಡಿದರೆ ನೀರಿನ ಮೇಲೆ ಬಿದ್ದ ನೆರಳಿನ ಹಾಗೆ ಇಡೀ ಹಿನ್ನೆಲೆ ಅಲುಗುತ್ತದೆ.

ಬೈಲೀನಿಯರ್ ಫಿಲ್ಟರ್ ಹಾಕಿದರೆ ಅಲುಗುವುದು ಕಮ್ಮಿಯಾಗುತ್ತದೆ, ನಿಜ. ಆದರೆ ಅಕ್ಕಪಕ್ಕದ ಬಣ್ಣ ಬೆರೆತು ಎಲ್ಲಾ ಗೆರೆಗಳೂ ಮಸುಕಾಗುತ್ತವೆ. ಈ ಆಟಗಳ ಚೆಂದವೇ ಖಡಕ್ ಚೌಕಗಳಲ್ಲಿದೆ. ಅದನ್ನು ಒರೆಸಿಹಾಕಲು ನನಗೆ ಮನಸ್ಸಿಲ್ಲ.

ಆಮೇಲೆ ಅದೇ ಆಟವನ್ನು ಸರಿಯಾಗಿ ಮೂರು ಪಟ್ಟು ಮಾಡಿದೆ. 720×480. ಮೇಲೆ ಕೆಳಗೆ ಜಾಗ ಪೂರ್ತಿ ತುಂಬಿತು. ಎಡಬಲದಲ್ಲಿ ಬರೀ 40 ಪಿಕ್ಸೆಲ್ ಕಪ್ಪು ಪಟ್ಟಿ. ಅಣ್ಣ ಮತ್ತೆ ಗಾಜು ಇಟ್ಟು ನೋಡಿ, "ಹ್ಞಾಂ, ಇದು ಬೇರೇನೇ" ಅಂದರು. ಎಂ ಅಕ್ಷರದ ಮೂರು ಕಾಲೂ ಮೂರು ಮೂರು ಚುಕ್ಕಿ.

800×480ರ ಒಳ್ಳೆಯ ಗುಣ ಅಂದರೆ ನನ್ನ ಪಟ್ಟಿಯ ಉಳಿದ ಕನ್ಸೋಲ್‌ಗಳಿಗೂ ಇದು ಹೊಂದುತ್ತದೆ. ಪ್ಲೇಸ್ಟೇಷನ್ 320×240 ಎರಡು ಪಟ್ಟಾದರೆ 640×480, ಎತ್ತರ ಪೂರ್ತಿ. ಮೆಗಾ ಡ್ರೈವ್ 640×448. ಸೂಪರ್ ನಿಂಟೆಂಡೊ 512×448. ಗೇಮ್‌ಬಾಯ್ ಮೂರು ಪಟ್ಟಾದರೆ 480×432. ಯಾವುದಕ್ಕೂ ಮೇಲೆ ಕೆಳಗೆ ಜಾಸ್ತಿ ಜಾಗ ದಂಡ ಆಗುವುದಿಲ್ಲ. 640×480 ಕೂಡ ಪ್ಲೇಸ್ಟೇಷನ್‌ಗೆ ಒಳ್ಳೆಯದೇ, ಆದರೆ ಅದರಲ್ಲಿ ಗೇಮ್‌ಬಾಯ್ ಅಡ್ವಾನ್ಸ್ ಎರಡೇ ಪಟ್ಟು, 480×320ಕ್ಕೆ ನಿಲ್ಲುತ್ತದೆ. ಅರ್ಧ ಸ್ಕ್ರೀನ್ ಕಪ್ಪು. ಮಕ್ಕಳು ಹೆಚ್ಚು ಆಡುವುದು ಅದನ್ನೇ, ಹಾಗಾಗಿ ಅದು ನನಗೆ ಆಗಲ್ಲ.

ಇನ್ನೂ ಮೇಲೆ ಹೋಗಬೇಕು ಅನ್ನುವವರು 1280×720 ನೋಡಬಹುದು. 720 ಅಂದರೆ 240ರ ಮೂರು ಪಟ್ಟು, 144ರ ಐದು ಪಟ್ಟು. ಗೇಮ್‌ಬಾಯ್, ಪ್ಲೇಸ್ಟೇಷನ್ ಎರಡೂ ಎತ್ತರಕ್ಕೆ ಸರಿಯಾಗಿ ಕೂರುತ್ತವೆ. 1080ರಲ್ಲಿ ಆ ಅನುಕೂಲ ಇಲ್ಲ. ಮನೆಯ ಟಿವಿಗೆ ಪೈ ಸಿಕ್ಕಿಸಿ ಆಡುವವರೂ ಔಟ್‌ಪುಟ್ 720ಕ್ಕೆ ಇಟ್ಟರೆ ಪೈಗೆ ಕೆಲಸ ಹಗುರವಾಗುತ್ತದೆ, ಅದರ ಕಡೆಯಿಂದ ಲೆಕ್ಕವೂ ಸರಿ ಬರುತ್ತದೆ. ಅಲ್ಲಿಂದ ಮುಂದೆ ಟಿವಿ ತನ್ನ ಪಾಡಿಗೆ ಹಿಗ್ಗಿಸಿಕೊಳ್ಳುತ್ತದೆ. ದೊಡ್ಡ ಕಂಪನಿಗಳೂ ಕೈಲಿ ಹಿಡಿಯುವ ಯಂತ್ರಕ್ಕೆ ಸುಮ್ನೆ ಪಿಕ್ಸೆಲ್ ತುಂಬಿಲ್ಲ. 2017ರಲ್ಲಿ ಎಷ್ಟೋ ಫೋನುಗಳು 1080 ಮುಟ್ಟಿದ್ದಾಗಲೂ ನಿಂಟೆಂಡೊ ಸ್ವಿಚ್‌ನ 6.2 ಇಂಚಿನ ಸ್ಕ್ರೀನ್ 1280×720 ಇತ್ತು. 2022ರ ಸ್ಟೀಮ್ ಡೆಕ್ 1280×800. ಪ್ರತಿ ಪಿಕ್ಸೆಲನ್ನೂ ಸೆಕೆಂಡಿಗೆ 60 ಸಲ ಬರೆಯಬೇಕು, ಅದಕ್ಕೆ ಬ್ಯಾಟರಿ ಬೇಕು. ನನ್ನ ಪುಟ್ಟ ಪೈಗೂ ಅದೇ ಮಾತು ಅನ್ವಯ.

ರೆಸಲ್ಯೂಷನ್ ತೀರ್ಮಾನ ಆಯಿತು. ಇನ್ನು ಚಿತ್ರ ಸ್ಕ್ರೀನ್‌ವರೆಗೆ ಹೋಗುವುದು ಯಾವ ದಾರಿಯಲ್ಲಿ?

ಎಲ್ಲರಿಗೂ ಮೊದಲು ಸಿಗುವುದು 3.5 ಇಂಚಿನ ಎಸ್‌ಪಿಐ ಸ್ಕ್ರೀನ್. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಪೈ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ, ಪೈ ಮೇಲೆ ನೇರ ಕೂರುತ್ತದೆ, ಬೆಲೆಯೂ ಕಮ್ಮಿ. ಆಟಕ್ಕೆ ಮಾತ್ರ ಬೇಡ. ಲೆಕ್ಕ ನೋಡಿ. 480×320 ಪಿಕ್ಸೆಲ್, ಒಂದೊಂದಕ್ಕೆ 16 ಬಿಟ್. ಒಂದು ಫ್ರೇಮ್‌ಗೆ, ಅಂದರೆ ಒಂದು ಪೂರ್ತಿ ಚಿತ್ರಕ್ಕೆ, 24,57,600 ಬಿಟ್. ಎಸ್‌ಪಿಐನಲ್ಲಿ ಬಿಟ್‌ಗಳು ಒಂದರ ಹಿಂದೆ ಒಂದು ಒಂದೇ ತಂತಿಯಲ್ಲಿ ಹೋಗಬೇಕು. 32 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರೂ ಸೆಕೆಂಡಿಗೆ 13 ಫ್ರೇಮ್, 16 ಮೆಗಾಹರ್ಟ್ಸ್‌ನಲ್ಲಿ ಆರೂವರೆ. ಆಟಕ್ಕೆ ಬೇಕಾದ್ದು 60. ಬದಲಾದ ಪಿಕ್ಸೆಲ್ ಮಾತ್ರ ಕಳಿಸುವ ಜಾಣ ಡ್ರೈವರ್‌ಗಳಿವೆ. ನಿಂತಲ್ಲೇ ನಿಂತ ಚಿತ್ರದಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಹಿನ್ನೆಲೆ ಇಡೀ ಸರಿಯುವ ಆಟದಲ್ಲಿ ಎಲ್ಲಾ ಪಿಕ್ಸೆಲೂ ಬದಲಾಗುತ್ತದಲ್ಲ, ಅಲ್ಲಿ ಸೋಲುತ್ತವೆ. ಚಿತ್ರ ಅಡ್ಡಕ್ಕೆ ಸೀಳಿದ ಹಾಗೂ ಕಾಣುತ್ತದೆ. 320×240ರ ಚಿಕ್ಕ ಎಸ್‌ಪಿಐ ಸ್ಕ್ರೀನ್ ಇದಕ್ಕಿಂತ ವಾಸಿ. ಬರೀ ಗೇಮ್‌ಬಾಯ್ ಆಡುವವರಿಗೆ ಅದು ನಡೆಯುತ್ತದೆ.

ಎರಡನೇ ದಾರಿ ಕಾರ್ ರಿವರ್ಸ್ ಕ್ಯಾಮೆರಾದ 4.3 ಇಂಚಿನ ಸ್ಕ್ರೀನ್. ಕಾರ್ ಆಕ್ಸೆಸರಿ ಅಂಗಡಿಗಳಲ್ಲಿ ಸಿಗುತ್ತದೆ. ಕಾಂಪೋಸಿಟ್ ವಿಡಿಯೋ ತಗೊಳ್ಳುತ್ತದೆ, ಒಂದೇ ಹಳದಿ ತಂತಿ. ಪೈ ಝೀರೋ 2 ಡಬ್ಲ್ಯೂನ ಹಿಂಬದಿಯಲ್ಲಿ ಕಾಂಪೋಸಿಟ್‌ಗೆ ಟೆಸ್ಟ್ ಪ್ಯಾಡ್ ಇದೆ, ಅಲ್ಲಿಗೆ ಎರಡು ತಂತಿ ಬೆಸುಗೆ ಹಾಕಿದರೆ ಚಿತ್ರ ಬಂದೇಬಿಡುತ್ತದೆ. ಆದರೆ ಕಾಂಪೋಸಿಟ್‌ನಲ್ಲಿ ಬಣ್ಣಕ್ಕೆ ಸಿಗುವ ಜಾಗ ಬಹಳ ಕಮ್ಮಿ. ಕಪ್ಪು ಹಿನ್ನೆಲೆಯ ಮೇಲಿನ ಕೆಂಪು ಅಕ್ಷರ ಪಕ್ಕಕ್ಕೆ ಸೋರುತ್ತದೆ. ಮೇಲೆ ಇಷ್ಟುದ್ದ ಹೇಳಿದ ಪಿಕ್ಸೆಲ್ ಲೆಕ್ಕ ಇಲ್ಲಿ ಯಾವುದಕ್ಕೂ ಬರುವುದಿಲ್ಲ. ಇವು ಕಾರಿನ 12 ವೋಲ್ಟ್‌ಗೆ ಮಾಡಿದವು ಬೇರೆ.

ಮೂರನೇದು ಡಿಪಿಐ. ಪೈಯ ಜಿಪಿಐಒ ಪಿನ್‌ಗಳಿಂದಲೇ (ಹೊರಗಿನ ಭಾಗ ಜೋಡಿಸಲು ಇರುವ ಪಿನ್‌ಗಳು) ಕೆಂಪು, ಹಸಿರು, ನೀಲಿ ಬಿಟ್‌ಗಳನ್ನು ಸಮಾನಾಂತರವಾಗಿ ಪ್ಯಾನೆಲ್‌ಗೆ ಕಳಿಸುವುದು. ಮಧ್ಯೆ ಬೇರೆ ಬೋರ್ಡ್ ಬೇಡ, ಬಾಡಿ ತೆಳ್ಳಗಾಗುತ್ತದೆ, 60 ಫ್ರೇಮ್ ಸಲೀಸು. ಕಟ್ಟುವವರು ಇದನ್ನು ತುಂಬ ಇಷ್ಟಪಡುತ್ತಾರೆ, ಅದಕ್ಕೆ ಕಾರಣವೂ ಇದೆ. ತೊಂದರೆ ಪಿನ್‌ಗಳದ್ದು. 24 ಬಿಟ್ ಬಣ್ಣಕ್ಕೆ 0ಯಿಂದ 27ರವರೆಗಿನ ಎಲ್ಲಾ 28 ಪಿನ್‌ಗಳೂ ಬೇಕು. 18 ಬಿಟ್‌ಗೆ ಇಳಿದರೆ 22 ಪಿನ್, ಉಳಿಯುವುದು ಆರು. ನನಗೆ ಬಟನ್‌ಗಳೇ ಹನ್ನೆರಡು: ದಿಕ್ಕಿಗೆ ನಾಲ್ಕು, ಬಲಗಡೆ ನಾಲ್ಕು, ಹೆಗಲ ಮೇಲೆ ಎರಡು, ಸ್ಟಾರ್ಟ್, ಸೆಲೆಕ್ಟ್. ಸೌಂಡ್‌ಗೆ ಐ2ಎಸ್ (ಡಿಜಿಟಲ್ ಸೌಂಡ್ ಕಳಿಸುವ ದಾರಿ) ಹಾಕೋಣ ಅಂದರೆ ಅದಕ್ಕೆ 18, 19, 21ನೇ ಪಿನ್ ಬೇಕು, ಅವು ಸ್ಕ್ರೀನ್‌ಗೇ ಹೋಗಿರುತ್ತವೆ. ಬಟನ್‌ಗಳಿಗೆ ಬೇರೆ ಮೈಕ್ರೋಕಂಟ್ರೋಲರ್ ಇಟ್ಟು ಯುಎಸ್‌ಬಿಯಲ್ಲಿ ಜೋಡಿಸಬಹುದು. ಝೀರೋದಲ್ಲಿ ಕೆಲಸಕ್ಕೆ ಬರುವ ಯುಎಸ್‌ಬಿ ಒಂದೇ ಇದೆ, ಅದನ್ನು ಖಾಲಿ ಉಳಿಸಿಕೊಳ್ಳಬೇಕಿತ್ತು.

ಹಾಗಾಗಿ ಎಚ್‌ಡಿಎಂಐ. ಪೈಯ ಮಿನಿ ಎಚ್‌ಡಿಎಂಐನಿಂದ ಚಪ್ಪಟೆ ರಿಬ್ಬನ್ ಕೇಬಲ್, ಅಲ್ಲಿಂದ ಟಿಎಫ್‌ಪಿ401 ಚಿಪ್ ಇರುವ ಚಿಕ್ಕ ಬೋರ್ಡ್, ಅಲ್ಲಿಂದ 40 ಪಿನ್ ರಿಬ್ಬನ್‌ನಲ್ಲಿ ಪ್ಯಾನೆಲ್. ಈ ಚಿಪ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದ್ದು. ಬಂದ ಸಿಗ್ನಲನ್ನು ಬಿಚ್ಚಿ ನೇರ ಪ್ಯಾನೆಲ್‌ಗೆ ಕೊಡುತ್ತದೆ ಅಷ್ಟೇ. ಒಳಗೆ ಸ್ಕೇಲರ್ ಇಲ್ಲ. ಇದು ಕೊರತೆ ಅಂತ ಕೆಲವರು ಹೇಳುತ್ತಾರೆ. ನನಗೆ ಬೇಕಾಗಿದ್ದೇ ಇದು. ಸ್ಕೇಲರ್ ಇರುವ ಬೋರ್ಡ್ ಯಾವ ಅಳತೆ ಕೊಟ್ಟರೂ ತಾನೇ ಹಿಗ್ಗಿಸಿ ಕುಗ್ಗಿಸಿ ತೋರಿಸುತ್ತದೆ. ಅಂದರೆ ನಾನು ಲೆಕ್ಕ ಹಾಕಿ ಕಳಿಸಿದ ಪಿಕ್ಸೆಲ್ ಮೇಲೆ ಅದು ತನ್ನ ಕೈ ಆಡಿಸುವ ಸಾಧ್ಯತೆ ಇದೆ. ಚಿತ್ರವನ್ನು ಹಿಡಿದಿಟ್ಟು ಬಿಡುವುದರಿಂದ ಬಟನ್ ಒತ್ತಿದ್ದಕ್ಕೂ ಪಾತ್ರ ಹಾರಿದ್ದಕ್ಕೂ ನಡುವೆ ತಡ ಆಗಬಹುದು. ಟಿಎಫ್‌ಪಿ401ಗೆ ಸರಿಯಾಗಿ 800×480 ಕೊಡಬೇಕು. ಕೊಟ್ಟರೆ ಪಿಕ್ಸೆಲ್‌ಗೆ ಪಿಕ್ಸೆಲ್.

ಪ್ಯಾನೆಲ್ ವಿಷಯದಲ್ಲಿ ಮೂರು ಬಗೆ ಯೋಚಿಸಿದೆ: ಹಳೇ ಬಗೆಯ ಟಿಎನ್, ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್, ಪ್ರತಿ ಪಿಕ್ಸೆಲೂ ತಾನೇ ಬೆಳಗುವ ಓಎಲ್‌ಇಡಿ. ಅಣ್ಣನ ಅಂಗಡಿಯ ಆ 5 ಇಂಚು ಟಿಎನ್. ಎದುರಿನಿಂದ ಚೆನ್ನಾಗಿದೆ. ತುಸು ಕೆಳಗೆ ಬಾಗಿಸಿದರೆ ಗುಹೆಯ ಕತ್ತಲೆಯೆಲ್ಲ ಬೆಳ್ಳಗಾಗಿ ನೆಗೆಟಿವ್ ಫಿಲ್ಮ್ ಥರ ಕಂಡಿತು. ಟಿಎನ್ ಪ್ಯಾನೆಲ್‌ನ ಡೇಟಾಶೀಟ್‌ನಲ್ಲಿ (ತಯಾರಕರು ಕೊಡುವ ವಿವರ ಪತ್ರ) ನೋಡುವ ದಿಕ್ಕನ್ನು ಗಡಿಯಾರದ ಲೆಕ್ಕದಲ್ಲಿ ಕೊಟ್ಟಿರುತ್ತಾರೆ, 6 ಗಂಟೆ, 12 ಗಂಟೆ ಅಂತ. ಕೊಳ್ಳುವ ಮೊದಲು ಅದನ್ನು ಓದಬೇಕು. ಮೇಜಿನ ಮೇಲೆ ನಿಂತೇ ಇರುವ ಯಂತ್ರಕ್ಕೆ ಟಿಎನ್ ಸಾಕು. ಕೈಲಿ ಹಿಡಿದು ಆಡುವಾಗ ಮಕ್ಕಳು ಆಟದ ಜೊತೆ ಸ್ಕ್ರೀನನ್ನೂ ವಾಲಿಸುತ್ತಾರೆ. ಪಕ್ಕದಲ್ಲಿ ಇಣುಕುವವಳು ಬೇರೆ ಇದ್ದಾಳೆ. ಅಲ್ಲಿ ಐಪಿಎಸ್ ಬೇಕೇಬೇಕು.

ಓಎಲ್‌ಇಡಿಯ ಕಪ್ಪು ನಿಜವಾದ ಕಪ್ಪು. ಎಡಬಲದ ಪಟ್ಟಿ ಕಾಣಿಸುವುದೇ ಇಲ್ಲ, ಅದು ದೊಡ್ಡ ಆಸೆ. ಆದರೆ ಹಳೇ ಆಟಗಳಲ್ಲಿ ಸ್ಕೋರು, ಪ್ರಾಣದ ಪಟ್ಟಿ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಂತಿರುತ್ತವೆ. ಓಎಲ್‌ಇಡಿಯಲ್ಲಿ ಅದರ ಅಚ್ಚು ಉಳಿದುಬಿಡುವ ಭಯ ಇದೆ. ಹವ್ಯಾಸಿಗಳಿಗೆ ಸುಲಭವಾಗಿ ಸಿಗುವ ಬಣ್ಣದ ಓಎಲ್‌ಇಡಿಗಳು 128×128ರಷ್ಟು ಚಿಕ್ಕವು, ಇಲ್ಲವೇ 1920×1080ರ ದುಬಾರಿ 5.5 ಇಂಚು. ಮಧ್ಯದ 800×480 ನನಗೆ ಸಿಗಲಿಲ್ಲ. 4.3 ಇಂಚಿನ ಐಪಿಎಸ್ ತಗೊಂಡೆ.

ಟಚ್ ಇಲ್ಲದ್ದನ್ನೇ ಕೇಳಿ ತಗೊಂಡೆ, ಇದು ಮುಖ್ಯ. ಒತ್ತಿದರೆ ಕೆಲಸ ಮಾಡುವ ಹಳೇ ಮಾದರಿಯ ಟಚ್ ಪದರ ಹತ್ತಿರಹತ್ತಿರ ಐದನೇ ಒಂದು ಭಾಗ ಬೆಳಕು ತಿನ್ನುತ್ತದೆ. ಗಾಜಿನಿಂದ ಗಾಳಿಗೆ ಹೋಗುವ ಪ್ರತಿ ಮೇಲ್ಮೈಯೂ ಸುಮಾರು ನೂರಕ್ಕೆ ನಾಲ್ಕರಷ್ಟು ಬೆಳಕನ್ನು ಹಿಂದೆ ಎಸೆಯುತ್ತದೆ. ಜಗುಲಿಯಲ್ಲಿ ಕೂತರೆ ಆಟದ ಬದಲು ಆಕಾಶವೇ ಕಾಣುತ್ತದೆ. ಇದೇ ಕಾರಣಕ್ಕೆ ಪ್ಯಾನೆಲ್ ಮುಂದೆ ಅಕ್ರಿಲಿಕ್ ಕವರ್ ಕೂಡ ಹಾಕಿಲ್ಲ, ಬರೀ ಮ್ಯಾಟ್ ಫಿಲ್ಮ್ ಅಂಟಿಸಿದೆ.

4.3 ಇಂಚಿನಲ್ಲಿ ಮೂರು ಪಟ್ಟಾದ ಗೇಮ್‌ಬಾಯ್ ಅಡ್ವಾನ್ಸ್ ಚಿತ್ರ ಸುಮಾರು 84 ಮಿಲಿಮೀಟರ್ ಅಗಲ, 56 ಎತ್ತರ. ಅಸಲಿ ಯಂತ್ರದ ಸ್ಕ್ರೀನ್ 61 ಮಿಲಿಮೀಟರ್ ಅಗಲ ಇತ್ತು. ಸಾಕಷ್ಟು ದೊಡ್ಡದಾಯಿತು, ಆದರೂ ಮಕ್ಕಳ ಕೈಗೆ ಹಿಡಿಸುತ್ತದೆ.

ಜೋಡಣೆಯಲ್ಲಿ ಹೇಳಲೇಬೇಕಾದ್ದು ಬ್ಯಾಕ್‌ಲೈಟ್. ಪ್ಯಾನೆಲ್ ಹಿಂದಿನ ಎಲ್‌ಇಡಿಗಳು ಸಾಲಾಗಿ ಒಂದರ ಹಿಂದೆ ಒಂದು ಇರುತ್ತವೆ, ಹಾಗಾಗಿ ಅವಕ್ಕೆ 5 ವೋಲ್ಟ್ ಸಾಲದು, 20ರ ಆಸುಪಾಸು ಬೇಕು. ಅದನ್ನು ಟಿಎಫ್‌ಪಿ401 ಬೋರ್ಡೇ ಏರಿಸಿ ಕೊಡುತ್ತದೆ. ಆದರೆ ಎಷ್ಟು ಕರೆಂಟ್ ಬಿಡಬೇಕು ಅನ್ನುವುದನ್ನು ಪ್ಯಾನೆಲ್‌ನ ಡೇಟಾಶೀಟ್ ನೋಡಿ ಬೋರ್ಡಿನ ಜಂಪರ್‌ನಲ್ಲಿ ನಾವೇ ಹೊಂದಿಸಬೇಕು. ಮೊದಲು ಕಮ್ಮಿಗೆ ಇಟ್ಟು, ಕರೆಂಟ್ ಅಳೆದು, ಆಮೇಲೆ ಏರಿಸಿದೆ. ರಿಬ್ಬನ್ ಸಿಕ್ಕಿಸುವಾಗ ಕನೆಕ್ಟರ್‌ನ ಕಪ್ಪು ಕೊಂಡಿಯನ್ನು ಉಗುರಿನಿಂದ ಎತ್ತಿ, ಬಿಳಿ ಗೆರೆ ಎರಡೂ ಕಡೆ ಸಮ ಕೂತಿದೆಯಾ ನೋಡಿ, ಆಮೇಲೆ ಒತ್ತಬೇಕು. ಒಂದು ಪಿನ್ ಆಚೀಚೆ ಆದರೆ ಆ 20 ವೋಲ್ಟ್ ಹೋಗಬಾರದ ಕಡೆ ಹೋಗುತ್ತದೆ. ಕರೆಂಟ್ ಕೊಡುವ ಮೊದಲು ಮಲ್ಟಿಮೀಟರ್‌ನಲ್ಲಿ ಒಮ್ಮೆ ಶಾರ್ಟ್ ನೋಡಿಬಿಡುವುದು ಒಳ್ಳೆಯದು.

ಬಾಡಿ ಸಿಲ್ವರ್ ಓಕ್ ಹಲಗೆಯ ತುಂಡಿನಲ್ಲಿ ಕೊರೆಸಿದೆ. ತೋಟದಲ್ಲಿ ನೆರಳಿಗೆ ನೆಟ್ಟ ಮರ, ಕಡಿದಾಗ ಉಳಿದಿತ್ತು. ನಮ್ಮ ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ. ಅದಕ್ಕೇ ಪ್ಯಾನೆಲ್ ಸುತ್ತ ಒಂದು ಮಿಲಿಮೀಟರ್ ಸಂದು ಬಿಟ್ಟು, ತೆಳ್ಳಗಿನ ಫೋಮ್ ಟೇಪಿನ ಮೇಲೆ ಕೂರಿಸಿದೆ. ಬಿಗಿಯಾಗಿ ಒತ್ತಿದ ಐಪಿಎಸ್ ಪ್ಯಾನೆಲ್‌ನ ಅಂಚಿನಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಒಳಗಡೆಗೆ ಎರಡು ಕೋಟ್ ವಾರ್ನಿಶ್.

ಸಾಫ್ಟ್‌ವೇರ್‌ನಲ್ಲಿ ಕೆಲಸ ಕಮ್ಮಿ. ಪೈಯ ಕಾನ್ಫಿಗ್‌ನಲ್ಲಿ ಅಗಲ 800, ಎತ್ತರ 480, 60 ಹರ್ಟ್ಸ್ ಅಂತ ಖಾಯಂ ಮಾಡಿದೆ. ಹಳೇ ಆಟಗಳನ್ನು ನಡೆಸುವ ಸಾಫ್ಟ್‌ವೇರ್ ರೆಟ್ರೋಆರ್ಕ್‌ನ ವಿಡಿಯೋ ಸೆಟ್ಟಿಂಗ್‌ನಲ್ಲಿ ಇಂಟಿಜರ್ ಸ್ಕೇಲ್ (ಪೂರ್ಣ ಸಂಖ್ಯೆಯಲ್ಲೇ ಹಿಗ್ಗಿಸುವುದು) ಆನ್, ಬೈಲೀನಿಯರ್ ಆಫ್. ಸೂಪರ್ ನಿಂಟೆಂಡೊ ಒಂದರಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕಾಯಿತು. ಅದರ 256×224 ಚಿತ್ರ ಹಳೇ ಡಬ್ಬಾ ಟಿವಿಯಲ್ಲಿ 4:3ಕ್ಕೆ ಹಿಗ್ಗಿ ಕಾಣುತ್ತಿತ್ತು. ಆ ಆಕಾರ ಬೇಕೆಂದರೆ 448 ಎತ್ತರಕ್ಕೆ 597 ಅಗಲ ಬೇಕು, ಆಗ ಅಡ್ಡಕ್ಕೆ ಮತ್ತೆ ಅದೇ ದಪ್ಪ-ತೆಳ್ಳಗಿನ ಗೆರೆ ಶುರು. ನಾನು 512ರಲ್ಲೇ ಬಿಟ್ಟೆ. ದುಂಡನೆಯ ಚೆಂಡು ಒಂಚೂರು ಉದ್ದವಾಗಿ ಕಾಣುತ್ತದೆ, ಗೆರೆಗಳು ಶುದ್ಧವಾಗಿವೆ. ಆಕಾರವೇ ಮುಖ್ಯ ಅನ್ನುವವರ ಮಾತೂ ಸರಿಯೇ. ಅವರು 597 ಇಟ್ಟುಕೊಳ್ಳಬಹುದು.

ಒಳ್ಳೆಯ ಸ್ಕ್ರೀನ್ ಹಾಕಿದ್ದಕ್ಕೇ ಹುಟ್ಟುವ ಎರಡು ಸಮಸ್ಯೆಗಳಿವೆ. ಮೊದಲ ಗೇಮ್‌ಬಾಯ್ ಅಡ್ವಾನ್ಸ್‌ನ ಸ್ಕ್ರೀನ್‌ಗೆ ಬೆಳಕೇ ಇರಲಿಲ್ಲ. ಆ ಮಂಕು ಸ್ಕ್ರೀನ್‌ನಲ್ಲೂ ಕಾಣಲಿ ಅಂತ ಎಷ್ಟೋ ಆಟಗಳಲ್ಲಿ ಬಣ್ಣ ಬೇಕೆಂದೇ ಏರಿಸಿ ಬಳಿದಿದ್ದಾರೆ. ಐಪಿಎಸ್ ಮೇಲೆ ಅವು ಕಣ್ಣಿಗೆ ರಾಚುತ್ತವೆ. ರೆಟ್ರೋಆರ್ಕ್‌ನಲ್ಲಿ ಈ ಆಟಗಳನ್ನು ನಡೆಸುವ ಎಂಜಿಬಿಎ ಕೋರ್‌ನಲ್ಲಿ ಕಲರ್ ಕರೆಕ್ಷನ್ ಆನ್ ಮಾಡಿದರೆ ತಣ್ಣಗಾಗುತ್ತದೆ. ಎರಡನೇದು ಗೇಮ್‌ಬಾಯ್‌ನದ್ದು. ಅದರ ಸ್ಕ್ರೀನ್ ಎಷ್ಟು ನಿಧಾನ ಅಂದರೆ ಒಂದು ಫ್ರೇಮ್‌ನ ಚಿತ್ರ ಮುಂದಿನ ಫ್ರೇಮ್‌ನಲ್ಲೂ ಉಳಿಯುತ್ತಿತ್ತು. ಕೆಲವು ಆಟಗಳು ಅದನ್ನೇ ಬಳಸಿಕೊಂಡು, ವಸ್ತುವನ್ನು ಒಂದು ಫ್ರೇಮ್ ಬಿಟ್ಟು ಒಂದರಲ್ಲಿ ತೋರಿಸಿ ಅರೆಪಾರದರ್ಶಕ ಮಾಡುತ್ತಿದ್ದವು. ವೇಗದ ಸ್ಕ್ರೀನ್‌ನಲ್ಲಿ ಅದು ಬರೀ ಮಿಣಮಿಣ ಅನ್ನುತ್ತದೆ. ಹಿಂದಿನ ಫ್ರೇಮನ್ನು ಮುಂದಿನದರಲ್ಲಿ ಬೆರೆಸುವ ಇಂಟರ್‌ಫ್ರೇಮ್ ಬ್ಲೆಂಡಿಂಗ್ ಹಾಕಿದ ಮೇಲೆ ಸರಿಯಾಯಿತು. ಆ ಕಾಲದವರು ಕೈಲಿದ್ದ ಬಡ ಸ್ಕ್ರೀನ್‌ನಿಂದಲೇ ಇಷ್ಟು ಕೆಲಸ ತೆಗೆದಿದ್ದಾರಲ್ಲ ಅಂತ ನನಗೆ ನಿಜಕ್ಕೂ ಗೌರವ ಬರುತ್ತದೆ.

ಟಿಎಫ್‌ಪಿ401 ದಾರಿಯಲ್ಲಿ ಸೌಂಡ್ ಬರುವುದಿಲ್ಲ, ಚಿತ್ರ ಮಾತ್ರ. ಖಾಲಿ ಉಳಿದ ಜಿಪಿಐಒನಲ್ಲಿ ಐ2ಎಸ್ ಆಂಪ್ಲಿಫೈಯರ್, ಒಂದು ಪುಟ್ಟ ಸ್ಪೀಕರ್ ಕೂರಿಸಿದೆ. ಹನ್ನೆರಡು ಬಟನ್‌ಗಳೂ ನೇರ ಪಿನ್‌ಗೇ ಬಂದವು. ಬ್ಯಾಟರಿ 2500 ಎಂಎಎಚ್‌ನ ಎರಡು 18650 ಲಿಥಿಯಂ ಸೆಲ್, ಪ್ಯಾರಲಲ್ ಆಗಿ. 18.5 ವ್ಯಾಟ್-ಅವರ್ ಆಯಿತು. ಎಲ್ಲಾ ಸೇರಿ 4.5 ವ್ಯಾಟ್ ಎಳೆದರೆ, 5 ವೋಲ್ಟ್‌ಗೆ ಏರಿಸುವಾಗಿನ ನಷ್ಟ ಕಳೆದು ಮೂರೂವರೆ ಗಂಟೆ ಸಿಗಬೇಕು. ಬ್ಯಾಕ್‌ಲೈಟ್ ಪೂರ್ತಿ ಇದ್ದಾಗ ಪೈಗಿಂತ ಸ್ಕ್ರೀನೇ ಜಾಸ್ತಿ ತಿನ್ನುತ್ತದೆ, ಆದ್ದರಿಂದ ಬೆಳಕು ಏರಿಸಿ ಇಳಿಸುವ ವ್ಯವಸ್ಥೆ ಬೇಕೇಬೇಕು. ಪೈಯಲ್ಲಿ ಹಾರ್ಡ್‌ವೇರ್ ಪಿಡಬ್ಲ್ಯೂಎಂ (ವೇಗವಾಗಿ ಆನ್-ಆಫ್ ಮಾಡಿ ಬೆಳಕು ಹೊಂದಿಸುವ ಸಿಗ್ನಲ್) ಬರುವುದು 12, 13, 18, 19ನೇ ಪಿನ್‌ಗಳಲ್ಲಿ. 18 ಮತ್ತು 19 ಸೌಂಡ್‌ಗೆ ಹೋಗಿವೆ. 12ರಿಂದ ಬ್ಯಾಕ್‌ಲೈಟ್ ಪಿನ್‌ಗೆ ತಂತಿ ಎಳೆದೆ. ಸೆಲೆಕ್ಟ್ ಒತ್ತಿ ಹಿಡಿದು ಮೇಲಿನ ಬಟನ್ ಒತ್ತಿದರೆ ಬೆಳಕು ಏರುತ್ತದೆ, ಕೆಳಗಿನದ್ದು ಒತ್ತಿದರೆ ಇಳಿಯುತ್ತದೆ. ಮಕ್ಕಳಿಗೆ ಜಗುಲಿಗೆ ಒಂದು, ರಾತ್ರಿಗೆ ಒಂದು ಅಂತ ಎರಡು ಮಟ್ಟ ಹೇಳಿಕೊಟ್ಟಿದ್ದೇನೆ.